ಅತ್ತೆಗೆ ಕೊಟ್ಟ ಬಿಸ್ಮತ್ ಪುಡಿ

ಡಾಕ್ಟರು ನನಗೆ ನಾಲ್ಕು ಮಾತು ಹೇಳಿದ್ದರು. ಅದರಲ್ಲಿ ಮೂರನ್ನು ಅತ್ತೆಗೆ ಹೇಳಿದೆ. ನಾಲ್ಕನೆಯದನ್ನು ಹೇಳಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ತಮಿಳುನಾಡಿನ ಗಡಿಯೂರು ಹೊಸೂರಿನ ಶಾಲೆಯೊಂದರಲ್ಲಿ ಕನ್ನಡ ಸೆಕ್ಷನ್ನಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಮನೆ ಅಲ್ಲೇ ಆಲಸನತ್ತಂನಲ್ಲಿ. ನನ್ನ ಗಂಡನಿಗೆ ಕಾರ್ಖಾನೆ ಕೆಲಸ. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಅತ್ತೆಗೆ ಅರವತ್ತರ ಹತ್ತಿರ ವಯಸ್ಸು. ಕೆಲಮಂಗಲದ ಒಕ್ಕಲು ಮನೆಗೆ ಸೊಸೆಯಾಗಿ ಬಂದು, ಮಾವನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲೆ ಹೊಸೂರಿಗೆ ಬಂದವರು. ಬಹಳ ಕಡಿಮೆ ಮಾತಿನ ಹೆಂಗಸು. ಕೇಳಿದ್ದಕ್ಕೆ ಉತ್ತರ, ಬೇಕಾದ್ದಕ್ಕೆ ಒಂದು ಮಾತು, ಅಷ್ಟೆ. ಮದುವೆಯಾದ ಹೊಸದರಲ್ಲಿ ಅದನ್ನು ನಾನು ಜಂಭ ಎಂದುಕೊಂಡಿದ್ದೆ. ಆಮೇಲೆ ಅದು ಅವರ ಸ್ವಭಾವ ಎಂದುಕೊಂಡೆ. ಎರಡೂ ತಪ್ಪು.

ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಕಾಶಿ. ಆ ಬೇಸಿಗೆ ರಜೆಯಲ್ಲಿ ನಮ್ಮೂರಿಂದ ಯಾತ್ರೆಯ ಬಸ್ಸೊಂದು ಹೊರಡುವುದಿತ್ತು. ಹದಿನೆಂಟು ದಿನ. ಗಂಡನಿಗೆ ರಜೆ ಸಿಗಲಿಲ್ಲ. ಜೊತೆಗೆ ನಾನು ಹೊರಟೆ.

ಹೊರಡುವ ವಾರ ನಮ್ಮ ಮನೆಯವರೆಲ್ಲ ಹೋಗುತ್ತಿದ್ದ ಡಾಕ್ಟರ ಹತ್ತಿರ ಹೋದೆ. ಬಹಳ ಕಾಲ ಸೈನ್ಯದ ಪಟಾಲಮ್ಮಿನಲ್ಲಿದ್ದು ಬಂದವರು. ಮಾತಿನಲ್ಲಿ ಕನ್ನಡ, ತಮಿಳು ಎರಡೂ ಬೆರೆತಿರುತ್ತಿದ್ದವು. ಅಂಥ ಪ್ರಯಾಣಗಳಲ್ಲಿ ಭೇದಿ ಹಿಡಿದು ಮಲಗಿದವರ ಕತೆ ನಾನು ಕೇಳಿದ್ದೆ. ದಾರಿಗೆ ಒಂದಷ್ಟು ಒಳ್ಳೆ ಮಾತ್ರೆ ಬರೆದುಕೊಡಿ ಎಂದೆ.

“ಬರದೇ ಇರೋ ಕಾಯ್ಲೆಗೆ ಆಂಟಿಬಯಾಟಿಕ್ ಕೊಡಲ್ಲಮ್ಮ,” ಎಂದರು. “ಸುಮ್ಮಸುಮ್ಮನೆ ನುಂಗಿ ಅಭ್ಯಾಸ ಆದ್ರೆ, ನಿಜವಾಗಿ ಬೇಕಾದ ದಿನ ಅದು ಕೈ ಕೊಡ್ತದೆ. ಹಳೇದೊಂದು ಪುಡಿ ಇದೆ, ಬಿಸ್ಮತ್ ಅಂತ. ಹೊಟ್ಟೆ ಕೆಡೋಕೆ ಮುಂಚೇನೇ ತಗೊಂಡ್ರೆ ಸುಮಾರು ಜನಕ್ಕೆ ಕೆಡಲ್ಲ. ಎಲ್ಲರಿಗೂ ಅಂತ ಹೇಳಕ್ಕಾಗಲ್ಲ.”

ಕಾಂಪೌಂಡರ್ ಒಳಗೆ ಪುಡಿಯನ್ನು ತೂಗಿ ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟುತ್ತಿದ್ದಾಗ ಡಾಕ್ಟರು ಮಾತು ಮುಂದುವರಿಸಿದರು. ದಿನಕ್ಕೆ ನಾಲ್ಕು ಸಲ, ಊಟದ ಜೊತೆ ಮೂರು, ಮಲಗುವಾಗ ಒಂದು, ಮೂರು ವಾರ ದಾಟಬಾರದು. ಅದರ ಜೊತೆ ತಲೆನೋವಿನ ಆಸ್ಪಿರಿನ್ ಮಾತ್ರೆ ಕೂಡದು, ಕಿವಿ ಗುಂಯ್ ಅಂದರೆ ನಿಲ್ಲಿಸಿಬಿಡಬೇಕು. ಪುಡಿ ಇದೆ ಅಂತ ಸಿಕ್ಕಿದ ನೀರು ಕುಡಿಯಬಾರದು, ಕಾಯಿಸಿ ಆರಿಸಿದ್ದೇ ಆಗಬೇಕು. ಕೊನೆಯದಾಗಿ, “ನಾಲಿಗೆ ಕಪ್ಪಾಗ್ತದೆ, ಮಲವೂ ಕಪ್ಪಾಗ್ತದೆ. ಬಿಟ್ಟ ಮೇಲೆ ತಾನೇ ಹೋಗ್ತದೆ. ವಯಸ್ಸಾದವರಿಗೆ ಇದನ್ನ ಮೊದಲೇ ಹೇಳಿಬಿಡಿ, ಹೆದರ್ಕೋತಾರೆ,” ಎಂದರು.

ಹೆದರಿಕೊಳ್ಳುತ್ತಾರೆ ಎಂದೇ ನಾನು ಹೇಳಲಿಲ್ಲ. ಹೇಳಿದ್ದರೆ ಅತ್ತೆ ಪುಡಿಯನ್ನು ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಕಾಯಿಲೆ ಬಿದ್ದರೆ ನೋಡಿಕೊಳ್ಳಬೇಕಾದವಳು ನಾನೊಬ್ಬಳೇ. ನಾಲಿಗೆಯ ಬಣ್ಣವನ್ನು ಯಾರು ನೋಡುತ್ತಾರೆ? ಮಾತಾಡುವುದೇ ಕಡಿಮೆ, ಕನ್ನಡಿ ನೋಡುವುದನ್ನು ಮಾವ ಹೋದ ದಿನವೇ ಬಿಟ್ಟಿದ್ದರು.

ಹೊರಡುವ ಹಿಂದಿನ ದಿನವೇ ಪುಡಿ ಶುರು ಮಾಡಿದೆವು. “ಏನ್ ಪುಡಿ ಇದು?” ಎಂದು ಕೇಳಿದರು. “ಹೊಟ್ಟೆ ಕೆಡದೆ ಇರಕ್ಕೆ, ಡಾಕ್ಟ್ರು ಕೊಟ್ಟಿದ್ದು,” ಎಂದೆ. ಮತ್ತೇನೂ ಕೇಳದೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಾನೂ ಹಾಕಿಕೊಂಡೆ. ಸೀಮೆಸುಣ್ಣದ ಪುಡಿ ತಿಂದ ಹಾಗಿತ್ತು, ರುಚಿಯೇ ಇಲ್ಲ.

ಬಸ್ಸಿನಲ್ಲಿ ನಲವತ್ತಕ್ಕೂ ಹೆಚ್ಚು ಜನ. ಕನ್ನಡದವರು, ತೆಲುಗಿನವರು, ತಮಿಳಿನವರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದ್ದೇನೂ ಅಲ್ಲ. ನಮ್ಮ ಪಕ್ಕದ ಸೀಟಿನಲ್ಲಿ ಮೂಕಂಡಪಲ್ಲಿಯಿಂದ ಬಂದ ಒಬ್ಬ ಹೆಂಗಸು, ನಲವತ್ತು ವರ್ಷದಾಕೆ, ತನ್ನ ಅಣ್ಣನ ಜೊತೆ ಹೊರಟಿದ್ದಳು. ಮನೆಮಾತು ತೆಲುಗು. ಬಾಯ್ತುಂಬ ನಗು. ಅತ್ತೆಯನ್ನು ಮೊದಲ ದಿನವೇ “ಪೆದ್ದಮ್ಮಾ”, ಅಂದರೆ ದೊಡ್ಡಮ್ಮ, ಎಂದು ಕರೆದು, ಅವರ ಚೀಲಗಳನ್ನೆಲ್ಲ ತಾನೇ ಎತ್ತಿಡುತ್ತಿದ್ದಳು. ಬಸ್ಸು ನಿಂತಲ್ಲೆಲ್ಲ ನಾನು ಪಂಪ್ ಸ್ಟೌ ಹಚ್ಚಿ ನೀರು ಕಾಯಿಸುವುದನ್ನು ನೋಡಿ ಅವಳು ನಗುತ್ತಿದ್ದಳು. ಪುಡಿಯ ಪೊಟ್ಟಣವನ್ನು ಮಾತ್ರ ನಾನು ಯಾರಿಗೂ ಕಾಣದ ಹಾಗೆ ಬಿಚ್ಚುತ್ತಿದ್ದೆ. ಇಬ್ಬರಿಗೆಂದು ಲೆಕ್ಕ ಹಾಕಿ ತಂದದ್ದು, ಒಬ್ಬರು ಕೇಳಿದರೆ ಎಲ್ಲರೂ ಕೇಳುತ್ತಾರೆ ಎಂಬ ಭಯ.

ಜಬಲ್ಪುರ ದಾಟಿದ ಮೇಲೆ ಒಂದು ಮಧ್ಯಾಹ್ನ ಬಸ್ಸಿನ ಟೈರು ಹೋಯಿತು. ಬಿಸಿಲು ಮೈ ಸುಡುತ್ತಿತ್ತು. ರಸ್ತೆ ಪಕ್ಕದಲ್ಲಿ ಕಬ್ಬಿನ ಹಾಲು ಮಾರುವವನೊಬ್ಬ ಗಾಣ ಇಟ್ಟುಕೊಂಡಿದ್ದ. ಗೋಣಿಚೀಲದಲ್ಲಿ ಸುತ್ತಿದ್ದ ಐಸನ್ನು ಒಡೆದು ಲೋಟಕ್ಕೆ ಹಾಕುತ್ತಿದ್ದ. ಎಲ್ಲರೂ ಅಲ್ಲಿಗೇ ನುಗ್ಗಿದರು. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಅಪರೂಪಕ್ಕೆ ಗಟ್ಟಿಯಾಗಿ ಹೇಳಿದರು: “ಆ ಐಸು ಯಾವ ಕುಂಟೆ ನೀರೋ ಏನೋ. ಕುಡೀಬೇಡ್ರಮ್ಮ. ಕುಡಿದ್ರೆ ಮಲಕ್ಕೊಂಬುಡ್ತೀರ, ಏಳಾಕಾಗಲ್ಲ.”

“ಏನೂ ಆಗಲ್ಲ ಪೆದ್ದಮ್ಮಾ, ಗಂಗಮ್ಮನ ಹತ್ರ ಹೋಗ್ತಾ ಇದ್ದೀವಿ,” ಎಂದು ಆ ಹೆಂಗಸು ಎರಡು ಲೋಟ ಕುಡಿದಳು.

ಮರುದಿನ ಬೆಳಗ್ಗೆಯಿಂದ ಬಸ್ಸು ಹೊಲ ಕಂಡಲ್ಲೆಲ್ಲ ನಿಲ್ಲತೊಡಗಿತು. ಏಳೆಂಟು ಜನಕ್ಕೆ ಹೊಟ್ಟೆ ಕೆಟ್ಟಿತ್ತು. ಎಲ್ಲರಿಗಿಂತ ಹೆಚ್ಚು ಅವಳಿಗೆ. ಪ್ರಯಾಗದ ಛತ್ರಕ್ಕೆ ತಲುಪುವ ಹೊತ್ತಿಗೆ ಅವಳ ಕಣ್ಣುಗಳು ಗುಳಿಬಿದ್ದಿದ್ದವು. ಅವಳ ಅಣ್ಣ ಡಾಕ್ಟರನ್ನು ಹುಡುಕಿಕೊಂಡು ಹೋದ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಿದೆ. ಭೇದಿಯಾದವರಿಗೆ ಅದನ್ನು ಕುಡಿಸುತ್ತಲೇ ಇರಬೇಕೆಂದು ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದರು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸತೊಡಗಿದರು.

“ಬಾಯಿ ತೆಗಿ ಮಗಾ, ಹಿಂಗೆ, ಆ…” ಎಂದು ಮಗುವಿಗೆ ತೋರಿಸುವಂತೆ ತಮ್ಮ ಬಾಯನ್ನೂ ತೆರೆದರು.

ಅವಳು ನೋಡಿದಳು. ಕೈಯಿಂದ ಲೋಟವನ್ನು ದೂರ ತಳ್ಳಿದಳು.

“ಅಯ್ಯೋ ಪೆದ್ದಮ್ಮಾ, ನೀ ನಾಲುಕಂತಾ ನಲ್ಲಗುಂದೇ! ಅದಕ್ಕೇ ನೀನು ಅಂದಿದ್ದು ಹಂಗೇ ಆಗೋಯ್ತು.”

ನಾಲಿಗೆಯೆಲ್ಲ ಕಪ್ಪಗಿದೆ ಎಂದು ಅವಳು ಅಂದದ್ದಕ್ಕೆ ಸುತ್ತ ಇದ್ದ ಇಬ್ಬರು ಮೂವರು ಹೆಂಗಸರು ತಿರುಗಿ ನೋಡಿದರು. ಕರಿನಾಲಿಗೆ ಎಂದರೆ ಏನೆಂದು ನಮ್ಮ ಕಡೆ ಯಾರಿಗೂ ವಿವರಿಸಬೇಕಿಲ್ಲ. ಆ ನಾಲಿಗೆಯವರು ಕೆಟ್ಟದ್ದನ್ನು ಆಡಿದರೆ ಅದು ಆಗಿಯೇ ತೀರುತ್ತದೆ.

ಅತ್ತೆ ಅವಳ ತಲೆಯನ್ನು ಮೆಲ್ಲಗೆ ಚಾಪೆಯ ಮೇಲೆ ಇಳಿಸಿ ಎದ್ದು ಬಂದರು. ನನ್ನ ಮುಂದೆ ಕೈ ಚಾಚಿ, “ಕನ್ನಡಿ ಕೊಡಮ್ಮ,” ಎಂದರು. ನನ್ನ ಕೈಚೀಲದಲ್ಲಿದ್ದ ಸಣ್ಣ ಕನ್ನಡಿಯನ್ನು ಕೊಟ್ಟೆ. ಕಿಟಕಿಯ ಬೆಳಕಿಗೆ ಹೋಗಿ ನಾಲಿಗೆ ಚಾಚಿ ನೋಡಿಕೊಂಡರು. ಬಹಳ ಹೊತ್ತು ನೋಡಿದರು. ಕನ್ನಡಿಯನ್ನು ಹಿಂದಕ್ಕೆ ಕೊಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತುಬಿಟ್ಟರು.

ಹೇಳಬೇಕಾಗಿದ್ದದ್ದು ಆ ಕ್ಷಣದಲ್ಲೇ. ಒಂದೇ ವಾಕ್ಯ ಸಾಕಿತ್ತು. ಆದರೆ ಹೇಳಿದರೆ ಪುಡಿಯ ಸಂಗತಿ ಹೊರಬೀಳುತ್ತಿತ್ತು. ನಿನ್ನ ಹತ್ತಿರ ಇಂಥದ್ದೊಂದು ಇದ್ದೂ ನಮಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ಎಲ್ಲರೂ ಕೇಳುತ್ತಿದ್ದರು. ಚಾಪೆಯ ಮೇಲೆ ಹಾಗೆ ಬಿದ್ದಿದ್ದವಳ ಎದುರು ಅದಕ್ಕೆ ನಾನು ಏನು ಹೇಳಲಿ? ಆಮೇಲೆ ಅತ್ತೆಗೆ ಒಬ್ಬರಿಗೇ ಹೇಳಿದರಾಯಿತು ಎಂದುಕೊಂಡು, ಲೋಟ ಹಿಡಿದು ನಾನೇ ಅವಳ ಪಕ್ಕ ಕೂತೆ.

ಆಮೇಲೆ ಎಂಬುದು ಬರಲಿಲ್ಲ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ಅವಳು ಚೇತರಿಸಿಕೊಂಡಳು. ಅದೇ ಗಡಿಬಿಡಿಯಲ್ಲಿ ಒಂದು ದಿನ ಕಳೆಯಿತು, ಕಾಶಿಯ ದಾರಿಯಲ್ಲಿ ಇನ್ನೊಂದು ದಿನ. ಅಷ್ಟು ಹೊತ್ತೂ ಅತ್ತೆ ಒಂದು ಮಾತೂ ಆಡಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದರು. ಪುಡಿ ಕೊಟ್ಟರೆ ಮಾತ್ರ ಮೊದಲಿನಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನೂ ಕೊಡುತ್ತಲೇ ಹೋದೆ.

ಕಾಶಿಯಲ್ಲಿ ಬೆಳಗ್ಗೆ ಎಲ್ಲರೂ ಗಂಗೆಗೆ ಇಳಿದರು. ಅತ್ತೆ ಮೇಲಿನ ಮೆಟ್ಟಿಲಲ್ಲೇ ಕೂತರು.

“ಇಳೀರಿ ಅತ್ತೆ, ಜನ ಕಡಿಮೆ ಇದ್ದಾರೆ,” ಎಂದೆ.

ಇಲ್ಲ ಎಂದು ತಲೆಯಾಡಿಸಿದರು.

“ಇಷ್ಟು ದೂರ ಬಂದು ಹಿಂಗೆ ಕೂತ್ರೆ?”

ಸೆರಗನ್ನು ಬಾಯಿಯಿಂದ ತೆಗೆಯದೆಯೇ ಅವರು ಮಾತಾಡಿದರು. “ಈ ನಾಲಿಗೆ ಇಟ್ಕೊಂಡು ಎಂಗೆ ಇಳೀಲಮ್ಮ? ಮೂವತ್ತೈದು ವರ್ಸದಿಂದ ಒಳಗಿದ್ದದ್ದು ಇವತ್ತು ಹೊರಗೆ ಬಂದ್ಬುಟ್ಟೈತೆ. ಅವಳು ಅವತ್ತೇ ಅಂದಿದ್ಲು.”

“ಯಾರು ಅತ್ತೆ?”

“ನಿನ್ ದೊಡ್ಡತ್ತೆ.”

ದೊಡ್ಡತ್ತೆ ಎಂದರೆ ಮಾವನ ಅಣ್ಣನ ಹೆಂಡತಿ, ಅತ್ತೆಯ ಓರಗಿತ್ತಿ. ಕೆಲಮಂಗಲದ ಮನೆಯಲ್ಲೇ ಉಳಿದವರು. ಅವರಿಗೂ ಅತ್ತೆಗೂ ಅಷ್ಟಕ್ಕಷ್ಟೇ ಎಂದು ನನಗೆ ಗೊತ್ತಿತ್ತು. ಜಮೀನಿನ ಪಾಲಿನ ಮನಸ್ತಾಪ ಎಂದು ಎಲ್ಲರೂ ಹೇಳುತ್ತಿದ್ದರು.

ಆ ಮೆಟ್ಟಿಲ ಮೇಲೆ ಅತ್ತೆ ಹೇಳಿದ್ದು ಇದು. ಇಬ್ಬರೂ ಒಂದೇ ಮನೆಯಲ್ಲಿದ್ದ ಕಾಲ. ಅತ್ತೆಯ ಮಗ, ಅಂದರೆ ನನ್ನ ಗಂಡ, ಆಗ ಒಂದು ವರ್ಷದ ಕೂಸು. ದೊಡ್ಡತ್ತೆಯ ಮಗನಿಗೆ ಎರಡು ವರ್ಷ. ಮನೆಯಲ್ಲಿ ಕರೆಯುವ ಎಮ್ಮೆ ಒಂದೇ. ಒಂದು ಬೆಳಗ್ಗೆ ದೊಡ್ಡತ್ತೆ ಹಾಲನ್ನೆಲ್ಲ ತಮ್ಮ ಮಗನಿಗೇ ಎತ್ತಿಟ್ಟರೆಂದು ಜಗಳವಾಯಿತು. ಸಿಟ್ಟಿನಲ್ಲಿ ಅತ್ತೆ, “ನಿನ್ ಮಗ ಕುಡಿದದ್ದು ದಕ್ಕದೇ ಹೋಗ್ಲಿ,” ಎಂದರು. ನಾಲ್ಕು ದಿನ ಕಳೆದ ಮೇಲೆ ಎರಡು ಮಕ್ಕಳಿಗೂ ವಾಂತಿಭೇದಿ ಹಿಡಿಯಿತು. ಕೂಸು ಉಳಿಯಿತು. ಎರಡು ವರ್ಷದ ಹುಡುಗ ಒಂದೂವರೆ ದಿನದಲ್ಲಿ ಹೋಗಿಬಿಟ್ಟ.

“ಮಣ್ಣು ಮಾಡ್ಕೊಂಡು ಬಂದ ದಿನ ನನ್ ಮಕ ನೋಡಿ ಅಂದ್ಲು, ನಿಂದು ಕರಿನಾಲಿಗೆ ಕಣೆ, ನನ್ ಮಗನ್ನ ತಿಂದ್ಬುಟ್ಟೆ ಅಂತ. ಅವತ್ತಿಂದ ನಂಗೆ ಮಾತಾಡಾಕೇ ಭಯ. ನಿನ್ ಗಂಡನ್ನ ಒಂದು ದಿನ ಬೈದಿಲ್ಲ ನಾನು. ಆ ಮಗೀನ ಹೆಸರಲ್ಲಿ ಒಂದು ಮುಳುಗು ಹಾಕಾನ ಅಂತ ಬಂದೆ. ಬಸ್ಸಲ್ಲಿ ಬಾಯಿ ತಪ್ಪಿ ಒಂದು ಮಾತಾಡ್ದೆ. ಏನಾಯ್ತು ನೋಡ್ದಲ್ಲ.”

ಅವರ ಕಣ್ಣಲ್ಲಿ ನೀರಿರಲಿಲ್ಲ. ಹೇಗೆ ಹೇಳುವುದೆಂದು ತಿಳಿಯದೆ, ಅವರ ಮುಂದೆ ಕೂತು ಕಪ್ಪಾಗಿದ್ದ ನನ್ನ ನಾಲಿಗೆಯನ್ನು ಚಾಚಿದೆ.

ಅವರು ನೋಡಿದರು. ಅರ್ಥವಾಗಲಿಲ್ಲ.

“ಆ ಪುಡಿ ಅತ್ತೆ. ಅದನ್ನ ತಿಂದ್ರೆ ಎಲ್ಲರ ನಾಲಿಗೆಯೂ ಕಪ್ಪಾಗುತ್ತಂತೆ. ಬಿಟ್ಟ ಮೇಲೆ ಹೋಗುತ್ತಂತೆ. ಡಾಕ್ಟ್ರು ಹೇಳಿದ್ರು.”

“ನಿಂಗೆ ಯಾವಾಗ್ ಹೇಳಿದ್ರು?”

“ಊರಲ್ಲೇ. ಕೊಟ್ಟಾಗಲೇ.”

ಅವರು ಸೆರಗನ್ನು ಬಾಯಿಯಿಂದ ತೆಗೆದರು. “ಮತ್ತೆ ಎರಡು ದಿನ ನನ್ನ ಹಿಂಗೇ ಕೂರ್ಸಿದ್ಯಲ್ಲ?”

ಬೈದಿದ್ದರೆ ಒಳ್ಳೆಯದಿತ್ತು. ಅವರು ಎದ್ದು, ನನ್ನ ಕೈ ಹಿಡಿಯದೆ, ಒಂದೊಂದೇ ಮೆಟ್ಟಿಲು ಇಳಿದು ನೀರಿಗೆ ಹೋದರು. ಮೂರು ಸಲ ಮುಳುಗಿದರು. ಮತ್ತೊಮ್ಮೆ ಮುಳುಗಿ ಸ್ವಲ್ಪ ಹೊತ್ತು ಏಳಲಿಲ್ಲ. ನಾನು ಗಾಬರಿಯಿಂದ ನಾಲ್ಕು ಮೆಟ್ಟಿಲು ಓಡಿದೆ. ಎದ್ದರು. ಒದ್ದೆ ಸೀರೆಯಲ್ಲೇ ಮೇಲೆ ಬಂದು, “ನಡಿ, ಮೊದ್ಲು ಆ ಹೆಣ್ಮಗಳಿಗೆ ಹೇಳು. ಆಮೇಲೆ ಬಸ್ಸಿನೋರಿಗೆಲ್ಲ ಹೇಳು. ಉಳಿದಿರೋ ಪುಡಿ ಬೇಕಾದೋರಿಗೆ ಕೊಡು. ನಂಗ್ ಬ್ಯಾಡ,” ಎಂದರು.

ಹೇಳಿದೆ. ಛತ್ರದ ಹಜಾರದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಿಂತುಕೊಂಡು, ತರಗತಿಯಲ್ಲಿ ತಪ್ಪು ಮಾಡಿದ ಹುಡುಗಿಯ ಹಾಗೆ ಹೇಳಿದೆ. ಯಾತ್ರೆಯ ಮುಖಂಡರಿಗೆ ಸಿಟ್ಟು ಬಂತು. “ಟೀಚರ್ ಆಗಿದ್ಕೊಂಡು ನೀವೇ ಹಿಂಗೆ ಮಾಡೋದಾ?” ಎಂದರು. ಮೂಕಂಡಪಲ್ಲಿಯ ಹೆಂಗಸು ಮಾತ್ರ ನನ್ನನ್ನು ಏನೂ ಅನ್ನಲಿಲ್ಲ. ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದವಳು ಅತ್ತೆಯ ಕೈ ಹಿಡಿದು, “ತಪ್ಪಾಯ್ತು ಪೆದ್ದಮ್ಮಾ,” ಎಂದು ಅತ್ತಳು. ಪುಡಿಯನ್ನು ಕೆಲವರು ತೆಗೆದುಕೊಂಡರು. ಕೆಲವರು ನಾಲಿಗೆಯ ಸುದ್ದಿ ಕೇಳಿದ ಮೇಲೆ ಬೇಡವೆಂದರು. ತಲೆನೋವಿನ ಮಾತ್ರೆಯ ಸಂಗತಿ, ಕಿವಿಯ ಸಂಗತಿ, ಎಲ್ಲವನ್ನೂ ಈ ಸಲ ಒಂದೂ ಬಿಡದೆ ಹೇಳಿದೆ.

ಪುಡಿ ಬಿಟ್ಟ ಅತ್ತೆಗೆ ವಾಪಸು ಬರುವಾಗ ನಾಗಪುರದಲ್ಲಿ ಹೊಟ್ಟೆ ಕೆಟ್ಟಿತು. ಬಿಟ್ಟದ್ದರಿಂದ ಕೆಟ್ಟಿತೋ, ಹೇಗಿದ್ದರೂ ಕೆಡುತ್ತಿತ್ತೋ ಹೇಳಲಾರೆ. ಎರಡು ದಿನ ಉಪ್ಪು ಸಕ್ಕರೆ ನೀರು, ಗಂಜಿ ಕುಡಿಸಿಕೊಂಡು ಕರೆತಂದೆ. ಕುಡಿಸಿದ್ದನ್ನೆಲ್ಲ ಕುಡಿದರು. ನನ್ನ ಮುಖ ಮಾತ್ರ ಅಷ್ಟಾಗಿ ನೋಡಲಿಲ್ಲ. ನಾಲಿಗೆ ಅಷ್ಟರಲ್ಲಿ ತಿಳಿಯಾಗಿತ್ತು.

ಊರಿಗೆ ಬಂದು ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬಣ್ಣದ ವಿಷಯ ಬಾಯಿಬಿಟ್ಟು ಹೇಳದೆ ನಾನು ಆ ಪುಡಿ ಯಾರಿಗೂ ಕೊಟ್ಟಿಲ್ಲಮ್ಮ. ನೀವು ಓದಿದವರು, ಅತ್ತೆಗೆ ಹೇಳ್ತೀರ ಅಂತ ಬಿಟ್ಟೆ,” ಎಂದರು.

ಶಾಲೆ ತೆರೆಯಲು ಇನ್ನೆರಡು ದಿನ ಇದ್ದಾಗ ಅತ್ತೆ, “ಕೆಲಮಂಗಲಕ್ಕೆ ಹೋಗ್ಬುಟ್ಟು ಬರಾನ, ಬಾ,” ಎಂದರು. ಕಾಶಿಯಿಂದ ತಂದಿದ್ದ ಬೆಸುಗೆ ಹಾಕಿದ ಗಂಗೆಯ ಗಿಂಡಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ಬಸ್ಸಿನಲ್ಲಿ ಅದನ್ನು ಮಡಿಲಿಂದ ಇಳಿಸಲಿಲ್ಲ.

ದೊಡ್ಡತ್ತೆ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಬಹಳ ಸೊರಗಿದ್ದರು. “ಕೂತ್ಕೊ,” ಎಂದರು. ಅತ್ತೆ ಗಿಂಡಿಯನ್ನು ಅವರ ಮುಂದಿಟ್ಟರು.

“ಅಕ್ಕಾ, ನಿನ್ ಮಗನ ಹೆಸ್ರಲ್ಲಿ ಮುಳುಗು ಹಾಕ್ಬುಟ್ಟು ಬಂದೆ. ನಾನು ಅವತ್ತು ಅಂದ ಮಾತು ನಿಂಗೆ ಮರ್ತಿರಾಕಿಲ್ಲ. ಹೊಟ್ಟೇಗ್ ಹಾಕ್ಕೊ.”

ದೊಡ್ಡತ್ತೆಯ ಕೈ ನಿಂತಿತು. “ಏನ್ ಮಾತು?”

ಅತ್ತೆ ಹೇಳಿದರು. ದೊಡ್ಡತ್ತೆ ಅದನ್ನು ಮರೆತೇಬಿಟ್ಟಿದ್ದರು. ತಾವು ಅಂದದ್ದು ಮಾತ್ರ ನೆನಪಿತ್ತು.

“ಕರಿನಾಲಿಗೆ ಅಂದೆ, ದಿಟ. ನಿನ್ ಕೂಸು ಅಂಗಳದಲ್ಲಿ ಅಂಬೆಗಾಲು ಇಡ್ತಿತ್ತು. ನಂಗೆ ನೋಡಾಕಾಗ್ಲಿಲ್ಲ. ಬಾಯಿಗೆ ಬಂದದ್ದು ಅಂದ್ಬುಟ್ಟೆ. ನೀನು ಅದನ್ನ ಇಷ್ಟು ದಿನ ಇಟ್ಕೊಂಡಿದ್ಯಾ?”

ಮಾತು ಬೇರೆ ಕಡೆ ತಿರುಗಲಿ ಎಂದು ನಾನು ಪ್ರಯಾಣದ ಸುದ್ದಿ ತೆಗೆದೆ. ಬಸ್ಸಿನಲ್ಲಿ ಒಬ್ಬಳಿಗೆ ಭೇದಿ ಹತ್ತಿದ್ದು, ಅತ್ತೆ ಅವಳಿಗೆ ನೀರು ಕುಡಿಸಿದ್ದು ಹೇಳಿದೆ.

ದೊಡ್ಡತ್ತೆ ತಲೆಯೆತ್ತಿದರು. “ಭೇದಿ ಆಗೋರಿಗೆ ನೀರು ಕೊಡ್ತಾರಾ?”

ಆಗ ನನಗೆ ಹೊಳೆಯಿತು. ಆ ಕಾಲದಲ್ಲಿ ಕೊಡುತ್ತಿರಲಿಲ್ಲ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂದು ಬಾಯಿ ಒಣಗಿಸುತ್ತಿದ್ದರು.

“ಹೇಳಮ್ಮ. ನೀನು ಓದಿದೋಳು. ಕೊಡಬೋದಾ?”

ಅತ್ತೆ ನನ್ನನ್ನು ನೋಡಿದರು. ಹೇಳು ಎಂದೂ ಇರಲಿಲ್ಲ ಆ ನೋಟದಲ್ಲಿ, ಬೇಡ ಎಂದೂ ಇರಲಿಲ್ಲ. ಇಲ್ಲ ದೊಡ್ಡತ್ತೆ, ಅದು ಆ ಹೆಂಗಸಿಗೆ ಮಾತ್ರ ಡಾಕ್ಟರು ಹೇಳಿದ್ದು ಎಂದು ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮುದುಕಿ ಸುಖವಾಗಿ ಹುಣಸೆಹಣ್ಣು ಬಿಡಿಸಿಕೊಂಡಿರುತ್ತಿದ್ದರು. ಎರಡು ವಾರದ ಹಿಂದೆ ಆಗಿದ್ದರೆ ಹಾಗೇ ಮಾಡುತ್ತಿದ್ದೆ.

“ಕೊಡಬೇಕು ದೊಡ್ಡತ್ತೆ,” ಎಂದೆ. “ಉಪ್ಪು ಸಕ್ಕರೆ ಹಾಕಿ ಕೊಡ್ತಾನೇ ಇರಬೇಕು. ಆಗ ಯಾರಿಗೂ ಗೊತ್ತಿರಲಿಲ್ಲ.”

ಅವರು ಬೀಜವೊಂದನ್ನು ಬೆರಳಲ್ಲಿ ಹಿಡಿದು ಕೂತಿದ್ದರು. “ನೀರು ನೀರು ಅಂದ ಮಗ,” ಎಂದರು. “ಮಡಕೆ ತಾವ ತೆವಳ್ಕೊಂಡು ಹೋದ. ಎಲ್ಲಾರೂ ಕೊಡ್ಬ್ಯಾಡ ಅಂದ್ರು. ನಾನೇ ಎತ್ಕೊಂಡು ಬಂದು ಈಚೆ ಮಲಗಿಸ್ದೆ.” ಆಮೇಲೆ ಅತ್ತೆಯ ಕಡೆ ತಿರುಗಿ, “ನಿನ್ ಕೂಸಿಗೆ ನೀನು ಮೊಲೆ ಬಿಡಿಸ್ಲಿಲ್ಲ ಅಲ್ವೇನೆ?” ಎಂದರು.

“ಇಲ್ಲ ಅಕ್ಕ. ಅಳ್ತಿತ್ತು, ಕೊಡ್ತಾನೇ ಇದ್ದೆ.”

ದೊಡ್ಡತ್ತೆ ಸರಿ ಎಂಬಂತೆ ತಲೆಯಾಡಿಸಿದರು. ಅಳಲಿಲ್ಲ. ಅತ್ತೆ ಎದ್ದು ಹೋಗಿ ಅವರ ಪಕ್ಕ ಕೂತು, ಮೊರವನ್ನು ತಮ್ಮ ಕಡೆ ಎಳೆದುಕೊಂಡು, ಅವರು ಬಿಟ್ಟ ಹುಣಸೆಹಣ್ಣನ್ನು ತಾವು ಬಿಡಿಸತೊಡಗಿದರು.

ಸಂಜೆಯ ಬಸ್ಸಿಗೆ ಹೊತ್ತಾದಾಗ ಅತ್ತೆ ಏಳಲಿಲ್ಲ. “ನೀನ್ ಹೋಗಮ್ಮ, ಇಸ್ಕೂಲೈತೆ. ನಾನು ಆಮೇಲೆ ಬತ್ತೀನಿ,” ಎಂದರು. ದೊಡ್ಡತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತಾಗಿತ್ತು. ಅವರಿಗೆ ಹೇಳಿ ಹೊರಡಲು ನನಗೆ ಆಗಲಿಲ್ಲ.

ಹೇಳಿದ್ದು ಸರಿಯೋ ತಪ್ಪೋ ಎಂದು ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸಿದೆ. ಇವತ್ತಿಗೂ ಒಂದೊಂದು ದಿನ ಒಂದೊಂದು ತರಹ ತೋರುತ್ತದೆ.

ಅತ್ತೆ ಒಂದು ವಾರ ಕಳೆದು ಬಂದರು. ದೊಡ್ಡತ್ತೆ ಮೂರು ದಿನ ಊಟ ಬಿಟ್ಟಿದ್ದರೆಂದೂ, ನಾಲ್ಕನೆಯ ದಿನ ತಾವು ಮುದ್ದೆ ಮಾಡಿ ಬಡಿಸಿದ್ದಕ್ಕೆ ಉಂಡರೆಂದೂ ಹೇಳಿದರು. ಆಮೇಲೆ ತಿಂಗಳಿಗೊಮ್ಮೆ ಅತ್ತೆ ಕೆಲಮಂಗಲಕ್ಕೆ ಹೋಗಿ ನಾಲ್ಕು ದಿನ ಇದ್ದು ಬರುವುದು ರೂಢಿಯಾಯಿತು. ನನ್ನನ್ನು ಮತ್ತೆ ಜೊತೆಗೆ ಕರೆಯಲಿಲ್ಲ.